ಓಟ ಮುಗಿದ ಮೇಲಿನ ಇಪ್ಪತ್ತು ವರ್ಷ

ಓಟದ ಕುದುರೆ 25ರಿಂದ 30 ವರ್ಷ ಬದುಕಬಲ್ಲದು. ಅದು ರೇಸಿನಲ್ಲಿ ಓಡುವುದು ಎರಡು ವರ್ಷದ ಮರಿಯಾಗಿದ್ದಾಗಿನಿಂದ ಹೆಚ್ಚೆಂದರೆ ಏಳೆಂಟು ವರ್ಷ ತುಂಬುವವರೆಗೆ. ಅನೇಕ ಕುದುರೆಗಳ ಓಟ ಅದಕ್ಕೂ ಮೊದಲೇ ಮುಗಿದಿರುತ್ತದೆ. ಉಳಿಯುವ ಆಯುಷ್ಯ ಸುಮಾರು 20 ವರ್ಷ. ದಿನಕ್ಕೆ ಎಂಟು–ಹತ್ತು ಕಿಲೋ ಮೇವು, 30–40 ಲೀಟರ್ ನೀರು, ಆರೆಂಟು ವಾರಕ್ಕೊಮ್ಮೆ ಗೊರಸು ಕೆತ್ತುವ ಕೈ, ವರ್ಷಕ್ಕೊಮ್ಮೆಯಾದರೂ ಹಲ್ಲು ಉಜ್ಜಿ ಸರಿಪಡಿಸುವ ವೈದ್ಯ, ಇಷ್ಟೂ ಆ 20 ವರ್ಷ ತಪ್ಪದೆ ಬೇಕು. ಡರ್ಬಿ ಗೆದ್ದ ಕುದುರೆಗೂ ಒಂದು ಓಟವನ್ನೂ ಗೆಲ್ಲದ ಕುದುರೆಗೂ ಇದರಲ್ಲಿ ಭೇದವಿಲ್ಲ. ಗಳಿಸುವ ಕಾಲ ಚಿಕ್ಕದು, ಉಣ್ಣಬೇಕಾದ ಕಾಲ ದೊಡ್ಡದು. ಓಟದ ಕುದುರೆಗಳ ಕ್ಷೇಮದ ಪ್ರಶ್ನೆಯೆಲ್ಲ ಹುಟ್ಟುವುದು ಈ ಅಂತರದಿಂದ.

ಬೆಂಗಳೂರಿಗೆ ಇದು ಊರ ಹೊರಗಿನ ಪ್ರಶ್ನೆಯಲ್ಲ. ಮೆಜೆಸ್ಟಿಕ್ಕಿನ ಉಪ್ಪಾರಪೇಟೆಯಿಂದ ಆನಂದರಾವ್ ವೃತ್ತದ ಕಡೆ ನಡೆದರೆ ಅರ್ಧ ಗಂಟೆಯೊಳಗೆ ರೇಸ್‌ಕೋರ್ಸಿನ ಗೋಡೆ ಸಿಗುತ್ತದೆ. ಹೈಗ್ರೌಂಡ್ಸ್‌ನ ಸುಮಾರು 85 ಎಕರೆಯಲ್ಲಿ ಬೆಂಗಳೂರು ಟರ್ಫ್ ಕ್ಲಬ್ ಬೇಸಿಗೆಯಲ್ಲೊಂದು, ಚಳಿಗಾಲದಲ್ಲೊಂದು ಋತುವಿನಂತೆ ಓಟ ನಡೆಸುತ್ತ ಬಂದಿದೆ. 1962ರಲ್ಲಿ ಕಂಪನಿಯಾಗಿ ನೋಂದಣಿಯಾದ ಈ ಕ್ಲಬ್ಬಿನ ಓಟದ ಪರಂಪರೆ ಅದಕ್ಕಿಂತ ದಶಕಗಳಷ್ಟು ಹಳೆಯದು. ಲಾಯಗಳು, ಕುದುರೆ ಆಸ್ಪತ್ರೆ, ಬೆಳಗಿನ ಜಾವದ ತಾಲೀಮು ಎಲ್ಲವೂ ನಗರದ ನಟ್ಟನಡುವೆಯೇ. ಮೈಸೂರಿನಲ್ಲಿ 1891ರಲ್ಲಿ ಆರಂಭವಾದ ರೇಸ್ ಕ್ಲಬ್ ಇದೆ. ಕುಣಿಗಲ್‌ನಲ್ಲಿ, ಟಿಪ್ಪು ಸುಲ್ತಾನನ ಅಶ್ವಸೈನ್ಯದ ಕಾಲಕ್ಕೆ ಸೇರಿದ್ದೆಂದು ಹೇಳುವ ಸ್ಟಡ್ ಫಾರಂ ಇದೆ. ಹುಟ್ಟು, ತರಬೇತಿ, ಓಟ ಮೂರೂ ನಡೆಯುವ ರಾಜ್ಯ ಕರ್ನಾಟಕ. ಓಟ ಮುಗಿದ ಕುದುರೆಯ ಹೊಣೆಯೂ ಇಲ್ಲಿನದೇ ಆಗಬೇಕಾಗುತ್ತದೆ.

ಓಟದ ದೇಹ

ಇಲ್ಲಿನ ರೇಸಿನ ಕುದುರೆಗಳೆಲ್ಲ ಥರೋಬ್ರೆಡ್ ತಳಿಯವು. ಹದಿನೇಳನೆಯ ಶತಮಾನದ ಕೊನೆ ಮತ್ತು ಹದಿನೆಂಟನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿಗೆ ತಂದ ಮೂರು ಗಂಡು ಕುದುರೆಗಳಿಗೆ, ಬೈರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್ ಎಂಬವುಗಳಿಗೆ, ಇಂದಿನ ಎಲ್ಲ ಥರೋಬ್ರೆಡ್‌ಗಳ ಗಂಡುವಂಶ ಹೋಗಿ ಸೇರುತ್ತದೆ. 1791ರಿಂದ ವಂಶಾವಳಿ ಪುಸ್ತಕ ಬರೆದಿಡಲಾಗುತ್ತಿದೆ. ಭಾರತದಲ್ಲಿ ಆ ಲೆಕ್ಕ ಇಡುವುದು ಪುಣೆಯಲ್ಲಿರುವ ಸ್ಟಡ್ ಬುಕ್ ಪ್ರಾಧಿಕಾರ. ಮುನ್ನೂರು ವರ್ಷ ಒಂದೇ ಗುಣಕ್ಕಾಗಿ, ವೇಗಕ್ಕಾಗಿ, ಆರಿಸಿ ಬೆಳೆಸಿದ ಪ್ರಾಣಿ ಇದು. ತೂಕ 450ರಿಂದ 550 ಕಿಲೋ, ಓಟದ ವೇಗ ಗಂಟೆಗೆ 60 ಕಿಲೋಮೀಟರಿಗೂ ಮೇಲೆ. ಅಷ್ಟು ವೇಗದಲ್ಲಿ ಒಂದು ಮುಂಗಾಲು ನೆಲಕ್ಕೆ ಊರಿದ ಕ್ಷಣ ಆ ಕಾಲಿನ ಮೇಲೆ ಬೀಳುವ ಬಲ ಮೈತೂಕದ ಸುಮಾರು ಎರಡೂವರೆ ಪಟ್ಟು. ಒಂದು ಟನ್ನಿಗೂ ಮೀರಿದ ಆ ಭಾರವನ್ನು ಹೊರುವುದು ಮಣಿಕಟ್ಟಿನಷ್ಟೇ ದಪ್ಪದ ಎಲುಬು ಮತ್ತು ಅದರ ಹಿಂದಿನ ಸ್ನಾಯುರಜ್ಜು.

ಕುದುರೆಯ ಮೊಣಕಾಲಿನ ಕೆಳಗೆ ಮಾಂಸಖಂಡವೇ ಇಲ್ಲ. ಅಲ್ಲಿ ಇರುವುದು ಎಲುಬು, ರಜ್ಜು, ಚರ್ಮ ಮಾತ್ರ. ಆದ್ದರಿಂದ ಅಲ್ಲಿ ಪೆಟ್ಟಾದರೆ ವಾಸಿಯಾಗುವುದು ನಿಧಾನ. ರಜ್ಜು ಹರಿದರೆ ಮತ್ತೆ ಕೂಡಿಕೊಳ್ಳಲು ಒಂಬತ್ತು ತಿಂಗಳಿಂದ ಒಂದು ವರ್ಷ ಬೇಕು. ಕೂಡಿದ ಜಾಗದಲ್ಲಿ ಮೊದಲಿನ ನಾರು ಬರದೆ ಗಡುಸಾದ ಕಲೆಯ ಅಂಗಾಂಶ ಬೆಳೆಯುತ್ತದೆ, ಮತ್ತೆ ಓಡಿಸಿದರೆ ಮತ್ತೆ ಹರಿಯುತ್ತದೆ. ಎಲುಬು ಮುರಿದರೆ ಸ್ಥಿತಿ ಇನ್ನೂ ಕಠಿಣ. ಅರ್ಧ ಟನ್ ತೂಕದ ಪ್ರಾಣಿಯನ್ನು ವಾರಗಟ್ಟಲೆ ಮಲಗಿಸಿಡಲಾಗದು. ಮೂರು ಕಾಲಿನ ಮೇಲೆ ನಿಂತರೆ, ಭಾರವೆಲ್ಲ ಹೊತ್ತ ಎದುರು ಕಾಲಿನ ಗೊರಸಿನೊಳಗಿನ ಪದರ ಉರಿಯೂತದಿಂದ ಕಿತ್ತುಬರುತ್ತದೆ. ಲ್ಯಾಮಿನೈಟಿಸ್ ಎಂಬ ಈ ನೋವು ಮೂಲದ ಮುರಿತಕ್ಕಿಂತ ಕ್ರೂರವಾದದ್ದು. ಕಾಲು ಮುರಿದ ಕುದುರೆಗೆ ದಯಾಮರಣ ಕೊಡುವುದರ ಹಿಂದೆ ಇರುವುದು ಈ ದೇಹರಚನೆ. ಅದನ್ನು ನಿರ್ದಯೆ ಎಂದು ಭಾವಿಸುವುದು ತಪ್ಪು.

ಎರಡು ವರ್ಷದ ಮರಿಯನ್ನು ಓಡಿಸುವುದರ ಬಗ್ಗೆ ವೈದ್ಯರಲ್ಲಿ ಭಿನ್ನಾಭಿಪ್ರಾಯ ಇದೆ. ಕಾಲಿನ ಎಲುಬುಗಳ ಬೆಳವಣಿಗೆಯ ತುದಿಗಳು ಎರಡರಿಂದ ಎರಡೂವರೆ ವರ್ಷದೊಳಗೆ ಕೂಡಿಕೊಳ್ಳುತ್ತವೆ, ಬೆನ್ನೆಲುಬಿನ ಕಶೇರುಗಳು ಪೂರ್ತಿ ಬಲಿಯುವುದು ಐದು ವರ್ಷ ದಾಟಿದ ಮೇಲೆ. ಎಳೆಯ ವಯಸ್ಸಿನ ಹದವಾದ ವ್ಯಾಯಾಮ ಎಲುಬನ್ನು ಗಟ್ಟಿ ಮಾಡುತ್ತದೆ ಎಂಬುದೂ ನಿಜ. ಹಾನಿ ಮಾಡುವುದು ವಯಸ್ಸಿಗಿಂತ ಹೆಚ್ಚಾಗಿ ವಿರಾಮವಿಲ್ಲದ ಓಟ. ಸೂಕ್ಷ್ಮ ಬಿರುಕುಗಳು ಮುಚ್ಚಿಕೊಳ್ಳುವ ಮೊದಲೇ ಮುಂದಿನ ಓಟ ಬಂದರೆ ಅವು ಸೇರಿ ದೊಡ್ಡ ಮುರಿತವಾಗುತ್ತವೆ.

ಕಣ್ಣಿಗೆ ಕಾಣದ ಇನ್ನೊಂದು ತೊಂದರೆ ಹೊಟ್ಟೆಯದು. ಕುದುರೆ ದಿನದ ಹದಿನಾರು ಗಂಟೆಯಷ್ಟು ಹೊತ್ತು ತಲೆ ಬಗ್ಗಿಸಿ ಮೇಯಲೆಂದು ರೂಪುಗೊಂಡ ಪ್ರಾಣಿ. ಅದರ ಜಠರ ಆಮ್ಲ ಸುರಿಸುವುದನ್ನು ನಿಲ್ಲಿಸುವುದೇ ಇಲ್ಲ. ಓಟದ ಲಾಯದಲ್ಲಿ ಅದು ದಿನದ 22–23 ಗಂಟೆ ನಾಲ್ಕು ಗೋಡೆಗಳ ನಡುವೆ ನಿಂತು ಓಟ್ಸ್, ಕಾಳು ಹೆಚ್ಚಾಗಿ, ಹುಲ್ಲು ಕಡಿಮೆಯಾಗಿ ತಿನ್ನುತ್ತದೆ. ತಾಲೀಮಿನಲ್ಲಿರುವ ಓಟದ ಕುದುರೆಗಳಲ್ಲಿ ಬಹುಪಾಲಿಗೆ ಜಠರದ ಹುಣ್ಣು ಇರುವುದನ್ನು ಜಗತ್ತಿನಾದ್ಯಂತ ನಡೆದ ಪರೀಕ್ಷೆಗಳು ತೋರಿಸಿವೆ. ಮರದ ಅಂಚನ್ನು ಕಚ್ಚಿ ಗಾಳಿ ನುಂಗುವುದು, ಬಾಗಿಲಲ್ಲಿ ನಿಂತು ಅತ್ತಿಂದಿತ್ತ ಓಲಾಡುವುದು, ಲಾಯದೊಳಗೆ ಸುತ್ತು ಹಾಕುತ್ತಲೇ ಇರುವುದು ಇವು ಇಂಥ ಬಂಧನದಲ್ಲಿ ಹುಟ್ಟುವ ಚಟಗಳು. ಲಾಯ ಬಿಟ್ಟ ಮೇಲೂ ಎಷ್ಟೋ ಕುದುರೆಗಳನ್ನು ಅವು ಬಿಡುವುದಿಲ್ಲ.

ಕಾನೂನು ಹೇಳುವುದೇನು

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಬಂದದ್ದು 1960ರಲ್ಲಿ. ಅದರ ಹಿಂದೆ ದುಡಿದವರು ನೃತ್ಯಗಾತಿ, ರಾಜ್ಯಸಭಾ ಸದಸ್ಯೆ ರುಕ್ಮಿಣಿ ದೇವಿ ಅರುಂಡೇಲ್. ಕಾಯ್ದೆಯ 11ನೇ ಸೆಕ್ಷನ್ ಪ್ರಾಣಿಯನ್ನು ಹೊಡೆಯುವುದನ್ನು, ಅತಿಯಾಗಿ ದುಡಿಸುವುದನ್ನು, ಹಸಿವು ಬಾಯಾರಿಕೆಯಲ್ಲಿ ನರಳುವಂತೆ ಕೈಬಿಡುವುದನ್ನು ಅಪರಾಧ ಎನ್ನುತ್ತದೆ. ಮೊದಲ ಸಲದ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ದಶಕಗಳ ಹಿಂದೆ ಬರೆದ ಈ ಮೊತ್ತ ಇನ್ನೂ ಬದಲಾಗಿಲ್ಲ. ಲಕ್ಷಗಳಲ್ಲಿ ಕೊಂಡು ಓಡಿಸಿದ ಕುದುರೆಯನ್ನು ಬೀದಿಗೆ ಬಿಟ್ಟವರಿಗೆ ಕಾಯ್ದೆ ಹಾಕಬಹುದಾದ ದಂಡ ಒಂದು ದೋಸೆಯ ಬೆಲೆಯನ್ನೂ ಮುಟ್ಟುವುದಿಲ್ಲ. ಇದು ನಾಚಿಕೆಗೇಡು.

2001ರ ಪ್ರದರ್ಶನ ಪ್ರಾಣಿಗಳ ನೋಂದಣಿ ನಿಯಮಗಳು ಓಟದ ಕುದುರೆಗಳಿಗೂ ಅನ್ವಯಿಸುತ್ತವೆ. ಗಾಳಿ ತುಂಬಿದ, ಪೆಟ್ಟನ್ನು ಹೀರಿಕೊಳ್ಳುವ ಚಾವಟಿಯನ್ನಷ್ಟೇ ಬಳಸಬೇಕು, ಒಂದು ಓಟದಲ್ಲಿ ಮೂರಕ್ಕಿಂತ ಹೆಚ್ಚು ಪೆಟ್ಟು ಸಲ್ಲದು, ಗೆಲ್ಲುವುದು ಖಚಿತವಾದ ಮೇಲೆ ಅಥವಾ ಗೆಲ್ಲುವ ಆಸೆಯೇ ಇಲ್ಲದಾಗ ಹೊಡೆಯಬಾರದು ಎಂಬ ಷರತ್ತುಗಳು ಅದರಲ್ಲಿವೆ. 1996ರಲ್ಲಿ ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕುದುರೆ ಓಟ ಅದೃಷ್ಟದಾಟವಲ್ಲ, ಕೌಶಲದ ಆಟ ಎಂದಿತು. ಅಲ್ಲಿ ತೀರ್ಮಾನವಾದದ್ದು ಬಾಜಿಯ ಪ್ರಶ್ನೆ. 2014ರ ಜಲ್ಲಿಕಟ್ಟು ತೀರ್ಪಿನಲ್ಲಿ ಅದೇ ನ್ಯಾಯಾಲಯ ಪ್ರಾಣಿಯ ಐದು ಸ್ವಾತಂತ್ರ್ಯಗಳನ್ನು ಎತ್ತಿ ಹೇಳಿತು: ಹಸಿವು–ಬಾಯಾರಿಕೆ, ಅನನುಕೂಲ, ನೋವು–ರೋಗ, ಭಯ ಇವುಗಳಿಂದ ಮುಕ್ತಿ ಮತ್ತು ತನ್ನ ಸಹಜ ನಡತೆಯಂತೆ ಬದುಕುವ ಅವಕಾಶ. ಈ ಎಲ್ಲ ನಿಯಮಗಳ ದೃಷ್ಟಿ ಮುಖ್ಯವಾಗಿ ಓಟದಲ್ಲಿರುವ ಕುದುರೆಯ ಮೇಲಿದೆ. ಓಟದಿಂದ ಹೊರಬಿದ್ದ ಕುದುರೆ ಯಾರ ಬಳಿ ಹೋಯಿತು, ಐದು ವರ್ಷದ ಮೇಲೆ ಎಲ್ಲಿದೆ ಎಂದು ಹೇಳುವಂತೆ ಅವು ಯಾರನ್ನೂ ಕಟ್ಟಿಹಾಕುವುದಿಲ್ಲ.

ಎಲ್ಲಿಗೆ ಹೋಗುತ್ತವೆ

ಅದೃಷ್ಟವಂತ ಕುದುರೆಗಳ ದಾರಿ ಸರಳ. ಒಳ್ಳೆಯ ವಂಶದ ಹೆಣ್ಣು ಕುದುರೆ ಸ್ಟಡ್ ಫಾರಂಗೆ ಮರಳಿ ಮರಿ ಹಾಕುತ್ತದೆ. ದೊಡ್ಡ ಓಟಗಳನ್ನು ಗೆದ್ದ ಕೆಲವೇ ಕೆಲವು ಗಂಡುಗಳು ಬೀಜದ ಕುದುರೆಗಳಾಗುತ್ತವೆ. ಬೀಜ ತೆಗೆಸಿದ ಗಂಡುಗಳಿಗೆ, ಗೆಲ್ಡಿಂಗ್‌ಗಳಿಗೆ, ಈ ಬಾಗಿಲು ಮೊದಲೇ ಮುಚ್ಚಿರುತ್ತದೆ. ಮರುವಸತಿಯ ಹೊರೆಯಲ್ಲಿ ದೊಡ್ಡ ಪಾಲು ಇವುಗಳದ್ದೇ.

ಸವಾರಿ ಶಾಲೆ ಎರಡನೆಯ ದಾರಿ. ಬೆಂಗಳೂರಿನಲ್ಲಿ ರೇಸ್‌ಕೋರ್ಸಿನ ಆವರಣದಲ್ಲೇ ಹವ್ಯಾಸಿ ಸವಾರರ ಸಂಸ್ಥೆಯೊಂದಿದೆ. ನಗರದ ಉತ್ತರಕ್ಕೆ, ವಿಮಾನ ನಿಲ್ದಾಣದ ಕಡೆಗೆ, 1996ರಲ್ಲಿ ಶುರುವಾದ ಎಂಬಸಿ ಅಂತರರಾಷ್ಟ್ರೀಯ ಸವಾರಿ ಶಾಲೆ ಇದೆ. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದು, ಟೋಕಿಯೊ ಒಲಿಂಪಿಕ್ಸಿಗೂ ಹೋದ ಫವಾದ್ ಮಿರ್ಜಾ ಬೆಂಗಳೂರಿನವರು. ಅಂಥ ಕೂಟಗಳಲ್ಲಿ ಏರುವುದು ಯುರೋಪಿನಲ್ಲಿ ಬೆಳೆಸಿದ ಬೇರೆ ತಳಿಯ ಕುದುರೆಗಳನ್ನು. ಆದರೆ ನಮ್ಮ ದೇಶದಲ್ಲಿ ಸವಾರಿ ಕಲಿಯುವ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನ ಮೊದಲು ಹತ್ತುವುದು ಒಂದಾನೊಂದು ಕಾಲದಲ್ಲಿ ಓಡಿದ ಥರೋಬ್ರೆಡ್ಡಿನ ಬೆನ್ನನ್ನೇ. ಪೊಲೀಸ್ ಅಶ್ವದಳ, ಪೋಲೊ ಇವೂ ಕೆಲವನ್ನು ತೆಗೆದುಕೊಳ್ಳುತ್ತವೆ. ಎಲ್ಲ ಕುದುರೆಗೂ ಇದು ಒಗ್ಗುವುದಿಲ್ಲ. ಮೈಸೂರು ದಸರೆಗೆ ಮುನ್ನ ಆನೆಗಳ ಜೊತೆ ಅಶ್ವದಳದ ಕುದುರೆಗಳಿಗೂ ಕುಶಾಲುತೋಪಿನ ಸದ್ದನ್ನು ಕೇಳಿಸಿ ಪಳಗಿಸುತ್ತಾರೆ. ಗೇಟು ತೆರೆದ ಸದ್ದಿಗೇ ಚಿಮ್ಮಿ ಓಡಲು ಕಲಿತ ಪ್ರಾಣಿಗೆ, ತೋಪು ಸಿಡಿದಾಗ ಕದಲದೆ ನಿಲ್ಲುವುದು ಕಲಿತದ್ದನ್ನೆಲ್ಲ ಮರೆತು ಹೊಸದಾಗಿ ಕಲಿಯಬೇಕಾದ ವಿದ್ಯೆ.

ಮೂರನೆಯ ದಾರಿಯ ಬಗ್ಗೆ ಹೆಚ್ಚಿನವರಿಗೆ ಗೊತ್ತಿಲ್ಲ. ಹಾವು ಕಡಿತದ ಔಷಧ ತಯಾರಾಗುವುದು ಕುದುರೆಯ ರಕ್ತದಿಂದ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕು ಹಾವುಗಳ ವಿಷವನ್ನು ಅತಿ ಸಣ್ಣ ಪ್ರಮಾಣದಿಂದ ಶುರುಮಾಡಿ ಹಂತಹಂತವಾಗಿ ಏರಿಸುತ್ತ ಕುದುರೆಗೆ ಚುಚ್ಚುತ್ತಾರೆ. ಅದರ ಮೈ ಪ್ರತಿವಿಷ ತಯಾರಿಸುತ್ತದೆ. ಆ ಮೇಲೆ ರಕ್ತ ತೆಗೆದು ಪ್ಲಾಸ್ಮಾ ಬೇರ್ಪಡಿಸಿ ಶುದ್ಧಗೊಳಿಸುತ್ತಾರೆ. ಧನುರ್ವಾಯು, ನಾಯಿ ಕಡಿತದ ಪ್ರತಿರಕ್ತಸಾರಗಳದ್ದೂ ಇದೇ ರೀತಿ. ಜಗತ್ತಿನ ಅತಿದೊಡ್ಡ ಲಸಿಕೆ ಕಂಪನಿಗಳಲ್ಲೊಂದಾದ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಹುಟ್ಟಿದ್ದು ಓಟದ ಕುದುರೆಯ ಲಾಯದಿಂದಲೇ. ಪೂನಾವಾಲಾ ಕುಟುಂಬದ ಸ್ಟಡ್ ಫಾರಂನಿಂದ ಓಟಕ್ಕೆ ಬಾರದ ಕುದುರೆಗಳು ಮುಂಬೈನ ಹಾಫ್ಕಿನ್ ಸಂಸ್ಥೆಗೆ ಹೋಗುತ್ತಿದ್ದವು. ಆ ರಕ್ತಸಾರವನ್ನು ತಾವೇ ಏಕೆ ತಯಾರಿಸಬಾರದು ಎಂಬ ಯೋಚನೆಯಿಂದ ಸೈರಸ್ ಪೂನಾವಾಲಾ 1966ರಲ್ಲಿ ಸಂಸ್ಥೆ ಕಟ್ಟಿದರು.

ಈ ದಾರಿಯನ್ನು ತೂಗುವುದು ಸುಲಭವಲ್ಲ. 2000ದಿಂದ 2019ರವರೆಗಿನ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿದು ಸಾಯುತ್ತಾರೆ. ಸತ್ತವರಲ್ಲಿ ಹೆಚ್ಚಿನವರು ಹೊಲಗದ್ದೆಯಲ್ಲಿ ದುಡಿಯುವವರು. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಆ ಜೀವಗಳನ್ನು ಉಳಿಸುವುದು ಕುದುರೆ, ಟಟ್ಟು, ಹೇಸರಗತ್ತೆಗಳ ರಕ್ತ. ಮತ್ತೆಮತ್ತೆ ಚುಚ್ಚಿಸಿಕೊಂಡು ಮತ್ತೆಮತ್ತೆ ರಕ್ತ ಕೊಡುವ ಪ್ರಾಣಿಗೆ ರಕ್ತಹೀನತೆ, ಚುಚ್ಚಿದಲ್ಲಿ ಬಾವು, ದಣಿವು ಬರುವುದೂ ಅಷ್ಟೇ ನಿಜ. ಕೆಂಪು ರಕ್ತಕಣಗಳನ್ನು ಮತ್ತೆ ಮೈಗೇ ಸೇರಿಸುವ ವಿಧಾನ, ಎರಡು ಸುತ್ತುಗಳ ನಡುವೆ ಸಾಕಷ್ಟು ಬಿಡುವು, ಮೇಯಲು ಬಯಲು, ನಿಷ್ಪಕ್ಷಪಾತ ತಪಾಸಣೆ ಇದ್ದರೆ ಈ ಕೆಲಸವನ್ನು ಸಹ್ಯಗೊಳಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಸೇರಿದ ತಂಡಗಳು ಪ್ರಾಣಿಯ ನೆರವಿಲ್ಲದೆ ಪ್ರಯೋಗಶಾಲೆಯಲ್ಲೇ ಪ್ರತಿವಿಷ ತಯಾರಿಸುವ ದಾರಿ ಹುಡುಕುತ್ತಿವೆ. ಅದು ಕೈಗೂಡುವವರೆಗೆ ಮನುಷ್ಯರು ಈ ಕುದುರೆಗಳ ಋಣದಲ್ಲಿದ್ದಾರೆ. ರಕ್ತ ಕೊಟ್ಟು ಮುಗಿದ ಮೇಲೂ ಅವನ್ನು ಸಾಕುವುದು ಆ ಋಣದ ಭಾಗ.

ಇಷ್ಟರಲ್ಲಿ ಎಲ್ಲೂ ಸಲ್ಲದ ಕುದುರೆ ಕೈಯಿಂದ ಕೈಗೆ ಇಳಿಯುತ್ತ ಹೋಗುತ್ತದೆ. ದೊಡ್ಡ ಕೇಂದ್ರದಲ್ಲಿ ಗೆಲ್ಲದ್ದು ಸಣ್ಣ ಕೇಂದ್ರಕ್ಕೆ, ಅಲ್ಲಿಯೂ ಓಡದ್ದು ಅಗ್ಗದ ಬೆಲೆಗೆ ದಲ್ಲಾಳಿಗೆ. ಅಲ್ಲಿಂದ ಮದುವೆ ಮೆರವಣಿಗೆ, ಪ್ರವಾಸಿ ತಾಣದ ಸವಾರಿ, ಸಾರೋಟು, ಉತ್ತರ ಕರ್ನಾಟಕದ ಜಾತ್ರೆಗಳ ಕುದುರೆಗಾಡಿ ಓಟ. ಸಿಟಿ ರೈಲು ನಿಲ್ದಾಣದಿಂದ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳಿಗೆ ಜನ ಜಟಕಾದಲ್ಲಿ ಹೋಗುತ್ತಿದ್ದ ದಿನಗಳಲ್ಲಿ ಆ ಬಂಡಿ ಎಳೆಯುತ್ತಿದ್ದದ್ದು ಗಟ್ಟಿ ಗೊರಸಿನ ನಾಡತಳಿಯ ಟಟ್ಟುಗಳು. ಥರೋಬ್ರೆಡ್ಡಿನ ಗೊರಸು ತೆಳು, ಚರ್ಮ ನವಿರು, ಹಸಿವು ದೊಡ್ಡದು. ಟಾರು ರಸ್ತೆಯ ಮೇಲೆ ಬಂಡಿ ಎಳೆಯಲು ಅದಕ್ಕಿಂತ ಅಯೋಗ್ಯವಾದ ತಳಿ ಸಿಗುವುದು ಕಷ್ಟ. ಹೊಸ ಯಜಮಾನ ಕೆಟ್ಟವನೆಂದು ಇದರರ್ಥವಲ್ಲ. ದಿನದ ಸಂಪಾದನೆಯಲ್ಲಿ ತನ್ನ ಮನೆಯನ್ನೂ ಕುದುರೆಯನ್ನೂ ಸಾಕಬೇಕಾದ ಬಡವ ಅವನು. ಬರೀ ಗೋಧಿ ಬೂಸಾ, ಒಣ ಬತ್ತದ ಹುಲ್ಲು ಹಾಕುತ್ತಾನೆ. ಬೂಸಾದಲ್ಲಿ ರಂಜಕ ಹೆಚ್ಚು, ಸುಣ್ಣದಂಶ ಕಡಿಮೆ. ಅದನ್ನೇ ತಿಂಗಳುಗಟ್ಟಲೆ ತಿಂದ ಕುದುರೆಯ ಎಲುಬಿನಿಂದ ಸುಣ್ಣ ಕರಗಿ ಮುಖದ ಎಲುಬು ಊದಿಕೊಳ್ಳುತ್ತದೆ, ಕಾಲು ಕುಂಟುತ್ತದೆ. ಶ್ರೀಮಂತ ಉದ್ಯಮವೊಂದು ತನ್ನ ಕೊನೆಯ ಖರ್ಚನ್ನು ಊರಿನ ಅತಿ ಬಡವರ ಹೆಗಲಿಗೆ ದಾಟಿಸುವ ವ್ಯವಸ್ಥೆ ಇದು. ಕೊನೆಯ ಯಜಮಾನನನ್ನಷ್ಟೇ ದಂಡಿಸಿದರೆ ನ್ಯಾಯ ಸಿಗದು.

ಕುದುರೆ ಮಾಂಸ ಭಾರತದ ಆಹಾರ ಸುರಕ್ಷತಾ ನಿಯಮಗಳ ಪಟ್ಟಿಯಲ್ಲಿಲ್ಲ. ಆದ್ದರಿಂದ ಬೇರೆ ದೇಶಗಳಂತೆ ಇಲ್ಲಿ ಕಾನೂನುಬದ್ಧ ಕಸಾಯಿಖಾನೆಯೇ ಓಟದ ಕುದುರೆಯ ಕೊನೆಯ ನಿಲ್ದಾಣವಾಗುವುದಿಲ್ಲ. ಇಲ್ಲಿನ ಭಯ ಬೇರೆ: ಕೈಬಿಟ್ಟ ಕುದುರೆ ಬೀದಿಯಲ್ಲಿ ಕಸ ತಿಂದು, ಪ್ಲಾಸ್ಟಿಕ್ ಕರುಳಿಗೆ ಕಟ್ಟಿ, ಹೊಟ್ಟೆನೋವಿನಿಂದ ಸಾಯುತ್ತದೆ. ಕುದುರೆಗೆ ವಾಂತಿ ಮಾಡಿಕೊಳ್ಳಲು ಬರುವುದಿಲ್ಲ, ಒಳಗೆ ಹೋದದ್ದು ಹಿಂದಕ್ಕೆ ಬಾರದು. ಊಟಿಯ ಬೀದಿಗಳಲ್ಲಿ ಅಲೆಯುವ ಕುದುರೆಗಳು ಅಲ್ಲಿನ ಆಡಳಿತಕ್ಕೆ ವರ್ಷಗಳಿಂದ ಬಗೆಹರಿಯದ ಸಮಸ್ಯೆ. ನೀಲಗಿರಿಯ ಮಸಿನಗುಡಿ ಬಳಿ ಇಂಥವುಗಳಿಗೆ ಆಶ್ರಯ ಕೊಡುವ ಐಪ್ಯಾನ್, ಬೆಂಗಳೂರಿನಲ್ಲಿ 1991ರಿಂದ ಪ್ರಾಣಿರಕ್ಷಣೆ ಮಾಡುತ್ತಿರುವ ಕ್ಯುಪಾ ತರಹದ ಸಂಸ್ಥೆಗಳು ದಾನದ ಹಣದಲ್ಲಿ ನಡೆಯುತ್ತವೆ. ಅವುಗಳ ಜಾಗಕ್ಕೂ ಮಿತಿ ಇದೆ.

ಓಟವನ್ನು ಮರೆಸುವ ಕಲೆ

ಓಟದಿಂದ ಬಂದ ಕುದುರೆಯನ್ನು ಮರುದಿನವೇ ಬಯಲಿಗೆ ಬಿಟ್ಟರೆ ಅದು ಬೇಲಿಗೆ ನುಗ್ಗಿ ಗಾಯ ಮಾಡಿಕೊಳ್ಳುತ್ತದೆ. ಮೊದಲು ಸಣ್ಣ ಅಂಗಳ, ಜೊತೆಗೆ ಶಾಂತ ಸ್ವಭಾವದ ಇನ್ನೊಂದು ಕುದುರೆ. ಕುದುರೆ ಹಿಂಡಿನ ಪ್ರಾಣಿ, ಒಂಟಿತನ ಅದಕ್ಕೆ ಭಯ. ದಿನಕ್ಕೆ ಒಂದೆರಡು ಗಂಟೆಯಿಂದ ಶುರುಮಾಡಿ ಬಯಲಿನ ಹೊತ್ತನ್ನು ಹೆಚ್ಚಿಸಬೇಕು. ಕಾಳು, ಓಟ್ಸ್ ಎರಡು ಮೂರು ವಾರಗಳಲ್ಲಿ ಮೆಲ್ಲಗೆ ಇಳಿಸಿ ಹುಲ್ಲು ಏರಿಸಬೇಕು. ಮೇವು ಹಠಾತ್ತಾಗಿ ಬದಲಾದರೆ ಕರುಳಿನ ಸೂಕ್ಷ್ಮಜೀವಿಗಳು ಕೆಟ್ಟು ಹೊಟ್ಟೆನೋವು ಬರುತ್ತದೆ. ಗರಿಕೆ, ಒಣಹುಲ್ಲು, ಸ್ವಲ್ಪ ಕುದುರೆ ಮಸಾಲೆ ಸೊಪ್ಪು, ಉಪ್ಪಿನ ಗಟ್ಟಿ ಇವಿಷ್ಟು ಹಗುರ ಕೆಲಸದ ಕುದುರೆಗೆ ಸಾಕು. ನೆನೆಸಿದ ಹುರುಳಿ ಹಳೆಯ ರೂಢಿ, ಆದರೆ ದುಡಿಮೆ ಇಲ್ಲದ ಕುದುರೆಗೆ ಅದನ್ನು ಬಲವಂತವಾಗಿ ತಿನ್ನಿಸುವುದು ಉಪಕಾರವಲ್ಲ. ಲಾಳ ತೆಗೆದು ಗೊರಸಿಗೆ ಬಿಡುವು ಕೊಡುತ್ತಾರೆ. ಓಟದ ಕುದುರೆಗಾಗಿ ಹಾಕಿದ ಹಗುರ ಅಲ್ಯುಮಿನಿಯಂ ಲಾಳ ದಿನಬಳಕೆಗೆ ಆಗದು. ಹುಣ್ಣಿಗೆ ಮದ್ದು, ಹಲ್ಲಿನ ಪರೀಕ್ಷೆ, ಕಾಲುಗಳ ಎಕ್ಸ್‌ರೇ, ಅಗತ್ಯವಿದ್ದರೆ ರಜ್ಜುವಿನ ಸ್ಕ್ಯಾನ್ ಇದೇ ಹೊತ್ತಿನಲ್ಲಿ ಆಗಬೇಕು. ಒಂದರಿಂದ ಮೂರು ತಿಂಗಳ ಈ ವಿಶ್ರಾಂತಿಯಲ್ಲಿ ಕುದುರೆಯ ಮೈ ಇಳಿದು ಜೋಲುತ್ತದೆ, ಮನಸ್ಸು ಸ್ಥಿಮಿತಕ್ಕೆ ಬರುತ್ತದೆ.

ಮರುತರಬೇತಿ ಶುರುವಾಗುವುದು ಇದಾದ ಮೇಲೆ. ಜಾಕಿಯನ್ನು ಹತ್ತಿಸಿಕೊಳ್ಳುವಾಗ ಓಟದ ಕುದುರೆ ನಡೆಯುತ್ತಲೇ ಇರುತ್ತದೆ. ಸವಾರನಿಗಾಗಿ ಕಲ್ಲಿನಂತೆ ನಿಲ್ಲುವುದನ್ನು ಅದಕ್ಕೆ ಯಾರೂ ಕಲಿಸಿಲ್ಲ. ಲಗಾಮು ಬಿಗಿದಷ್ಟೂ ಅದು ಕಡಿವಾಣಕ್ಕೆ ಒರಗಿ ಇನ್ನೂ ಜೋರಾಗಿ ಓಡುತ್ತದೆ, ಏಕೆಂದರೆ ಓಟದಲ್ಲಿ ಅದರ ಅರ್ಥ ಅದೇ. ಗಾಬರಿಯಾದ ಹೊಸ ಸವಾರ ಲಗಾಮು ಜಗ್ಗುತ್ತಾನೆ, ಕುದುರೆ ಅದನ್ನು ಓಡು ಎಂದು ಓದಿಕೊಳ್ಳುತ್ತದೆ. ಎಷ್ಟೋ ಕುದುರೆಗಳಿಗೆ ‘ತಂಟೆಕೋರ’ ಎಂಬ ಹೆಸರು ಬರುವುದು ಹೀಗೆ. ಗಿಡ್ಡ ರಿಕಾಪಿನ ಮೇಲೆ ನಿಂತು ಬಾಗಿದ ಜಾಕಿಯನ್ನಷ್ಟೇ ಅರಿತ ಬೆನ್ನಿಗೆ ಪೂರ್ತಿ ಕುಳಿತ ಸವಾರನ ಭಾರ ಹೊಸದು. ಹೊಟ್ಟೆಯ ಪಕ್ಕಕ್ಕೆ ಕಾಲು ತಾಗಿಸಿದರೆ ಏನು ಮಾಡಬೇಕೆಂದು ಅದಕ್ಕೆ ತಿಳಿಯದು. ಒಂದೇ ದಿಕ್ಕಿನ ತಿರುವುಗಳಲ್ಲಿ ವೇಗವಾಗಿ ಓಡಿ ಓಡಿ ಮೈ ಒಂದು ಬದಿಗೆ ಬಲವಾಗಿರುತ್ತದೆ. ಉದ್ದ ಹಗ್ಗದಲ್ಲಿ ವೃತ್ತಾಕಾರವಾಗಿ ಎರಡೂ ಕಡೆ ನಡೆಸುವುದು, ನೆಲದ ಮೇಲಿಟ್ಟ ಮರದ ಕೋಲುಗಳನ್ನು ದಾಟಿಸುವುದು, ರಸ್ತೆ, ಛತ್ರಿ, ಮೋಟಾರ್‌ಸೈಕಲ್‌ಗಳ ಪರಿಚಯ ಮಾಡಿಸುವುದು ಇವುಗಳಿಗೆ ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಹೊಸದಾಗಿ ಓಟ ಬಿಟ್ಟ ಕುದುರೆಯನ್ನು ಚಿಕ್ಕ ಮಕ್ಕಳ ಕೈಗೆ ಕೊಡುವುದು ಇಬ್ಬರಿಗೂ ಅಪಾಯ. ಸವಾರ ಮತ್ತು ಜೀನಿನ ಒಟ್ಟು ತೂಕ ಕುದುರೆಯ ತೂಕದ ಐದನೆಯ ಒಂದು ಪಾಲನ್ನು ಮೀರಬಾರದು ಎಂಬುದು ರೂಢಿಯ ಮಿತಿ.

ಈ ಕೆಲಸದಲ್ಲಿ ಸೈಸ್‌ಗಳ, ಅಂದರೆ ಲಾಯದಲ್ಲಿ ಕುದುರೆ ನೋಡಿಕೊಳ್ಳುವವರ, ಅನುಭವಕ್ಕೆ ಬೆಲೆ ಕಟ್ಟಲಾಗದು. ಯಾವ ಕುದುರೆ ಯಾವ ಕಿವಿ ಮುಟ್ಟಿದರೆ ಸಿಡುಕುತ್ತದೆ, ಯಾವುದು ಗುಡುಗಿಗೆ ಬೆದರುತ್ತದೆ ಎಂಬುದನ್ನು ಬಲ್ಲವರು ಅವರೇ. ರೇಸ್‌ಕೋರ್ಸಿನ ದುಡಿಮೆಯನ್ನೇ ನಂಬಿದ ಈ ಕುಟುಂಬಗಳಿಗೆ ಮರುವಸತಿ ಕೇಂದ್ರಗಳಲ್ಲಿ ಸ್ಥಿರವಾದ ಕೆಲಸ ಸಿಗುವಂತಾದರೆ ಕುದುರೆಗೂ ಪರಿಚಿತ ಕೈ ಸಿಗುತ್ತದೆ.

ಹಣ ಯಾರು ಕೊಡಬೇಕು

ಈ ಪ್ರಶ್ನೆ ಹಳೆಯದು. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಪಡೆಗಳು ಹೈಫಾ ಪಟ್ಟಣವನ್ನು ಕುದುರೆಯ ಮೇಲಿನ ದಾಳಿಯಿಂದ ಗೆದ್ದವು. ಆ ರಣರಂಗದಲ್ಲಿ ದುಡಿದ ಬ್ರಿಟಿಷ್ ಸೇನೆಯ ಸಾವಿರಾರು ಕುದುರೆಗಳನ್ನು ಯುದ್ಧ ಮುಗಿದ ಮೇಲೆ ಈಜಿಪ್ಟಿನಲ್ಲಿ ಮಾರಿಬಿಟ್ಟರು. 1930ರಲ್ಲಿ ಕೈರೋಗೆ ಬಂದ ಬ್ರಿಟಿಷ್ ಮಹಿಳೆ ಡೊರೊಥಿ ಬ್ರೂಕ್ 20 ವರ್ಷ ದಾಟಿದ ಆ ಕುದುರೆಗಳು ಕಲ್ಲುಗಣಿಗಳಲ್ಲಿ, ಬಂಡಿಗಳಲ್ಲಿ ಎಲುಬುಗೂಡಾಗಿ ದುಡಿಯುತ್ತಿರುವುದನ್ನು ಕಂಡರು. ಪತ್ರಿಕೆಗೆ ಪತ್ರ ಬರೆದು ಹಣ ಕೂಡಿಸಿ ಸುಮಾರು 5,000 ಕುದುರೆಗಳನ್ನು ಕೊಂಡರು, 1934ರಲ್ಲಿ ಆಸ್ಪತ್ರೆ ತೆರೆದರು. ತೀರ ಜರ್ಜರವಾದವುಗಳಿಗೆ ಕೆಲವು ದಿನ ಒಳ್ಳೆಯ ಮೇವು ಕೊಟ್ಟು ನೋವಿಲ್ಲದ ಸಾವು ಕೊಡಿಸಿದರು. ಆ ಆಸ್ಪತ್ರೆಯಿಂದ ಬೆಳೆದ ಸಂಸ್ಥೆ ಇಂದು ಭಾರತದಲ್ಲೂ ದುಡಿಯುವ ಕುದುರೆ, ಕತ್ತೆಗಳಿಗಾಗಿ ಕೆಲಸ ಮಾಡುತ್ತಿದೆ. ಮೊದಲ ಯಜಮಾನ ಲೆಕ್ಕದಿಂದ ತೆಗೆದುಹಾಕಿದ ಪ್ರಾಣಿಯ ಖರ್ಚನ್ನು ದಾನಿಗಳು ಭರಿಸಿದ ಹಳೆಯ ಉದಾಹರಣೆ ಇದು.

ಓಟದ ಲೋಕ ಎಚ್ಚೆತ್ತದ್ದು ಇನ್ನೊಂದು ಸಾವಿನಿಂದ. 1986ರ ಕೆಂಟಕಿ ಡರ್ಬಿ ಗೆದ್ದ ಫರ್ಡಿನಾಂಡ್ ಎಂಬ ಕುದುರೆಯನ್ನು ಬೀಜಕ್ಕಾಗಿ ಜಪಾನಿಗೆ ಮಾರಲಾಗಿತ್ತು. ಬೇಡಿಕೆ ಕುಗ್ಗಿದ ಮೇಲೆ 2002ರಲ್ಲಿ ಅದು ಕಸಾಯಿಖಾನೆಗೆ ಹೋದದ್ದು ಮರುವರ್ಷ ಬಯಲಾಯಿತು. ಬ್ರಿಟನ್ನಿನಲ್ಲಿ 2000ದಲ್ಲೇ ರೇಸ್ ಉದ್ಯಮದ್ದೇ ಮರುತರಬೇತಿ ಸಂಸ್ಥೆ ಹುಟ್ಟಿತ್ತು. ಅಮೆರಿಕದಲ್ಲಿ 2012ರಲ್ಲಿ ಥರೋಬ್ರೆಡ್ ಆಫ್ಟರ್‌ಕೇರ್ ಅಲೈಯನ್ಸ್ ಶುರುವಾಯಿತು. ಆಶ್ರಯ ಕೇಂದ್ರಗಳನ್ನು ತಪಾಸಣೆ ಮಾಡಿ ಮಾನ್ಯತೆ ಕೊಡುವುದು, ತಳಿಗಾರರು, ಮಾಲೀಕರು, ರೇಸ್‌ಕೋರ್ಸ್‌ಗಳಿಂದ ಬಂದ ಹಣವನ್ನು ಅವುಗಳಿಗೆ ಹಂಚುವುದು ಅದರ ಕೆಲಸ. ಅಲ್ಲಿನ ಜೈಲುಗಳಲ್ಲಿ ಕೈದಿಗಳು ಓಟ ಬಿಟ್ಟ ಕುದುರೆಗಳನ್ನು ಸಾಕುವ ಕಾರ್ಯಕ್ರಮ 1980ರ ದಶಕದಿಂದ ನಡೆದಿದೆ.

ಇವುಗಳಲ್ಲಿ ಅನುಕರಿಸಬೇಕಾದ ಅಂಶ ಒಂದೇ. ಹಣವನ್ನು ಕುದುರೆ ಗಳಿಸುತ್ತಿರುವಾಗಲೇ ಎತ್ತಿಡಬೇಕು. ಮರಿಯ ನೋಂದಣಿಯ ದಿನ ಸ್ವಲ್ಪ, ಮಾರಾಟದ ದಿನ ಸ್ವಲ್ಪ, ಪ್ರತಿ ಓಟದ ಪ್ರವೇಶಶುಲ್ಕದಲ್ಲಿ, ಬಹುಮಾನದಲ್ಲಿ ಸ್ವಲ್ಪ. ಕುದುರೆಯ ಕುತ್ತಿಗೆಯ ಮೈಕ್ರೋಚಿಪ್ ಮತ್ತು ಪಾಸ್‌ಪೋರ್ಟ್ ಜೊತೆಗೆ ಈ ನಿಧಿಯ ಹಕ್ಕೂ ಅದರ ಹಿಂದೆ ಹೋಗಬೇಕು. ಕೈ ಬದಲಾದಾಗಲೆಲ್ಲ ದಾಖಲಾಗಬೇಕು. ಓಟದ ಕಾಲದಲ್ಲಿ ಒಂದು ಕುದುರೆಯ ಪ್ರತಿ ಹೆಜ್ಜೆಯನ್ನೂ, ಮೈತೂಕವನ್ನೂ, ಸೆಕೆಂಡಿನ ಭಾಗಗಳನ್ನೂ ಬರೆದಿಡುವ ಉದ್ಯಮಕ್ಕೆ ಇದು ಆಗದ ಕೆಲಸವಲ್ಲ.

ಓಟವೇ ನಿಂತಾಗ ಈ ನಿಧಿಯ ಅಗತ್ಯ ಇನ್ನೂ ಸ್ಪಷ್ಟ. 2020ರಲ್ಲಿ ಕೋವಿಡ್‌ನಿಂದ ತಿಂಗಳುಗಟ್ಟಲೆ ಓಟವಿರಲಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಓಟದ ಪರವಾನಗಿ ಕೋರ್ಟ್ ಮೆಟ್ಟಿಲೇರಿತು. ಬಾಜಿಯ ಪೂರ್ತಿ ಮೊತ್ತದ ಮೇಲೆ ಶೇ 28ರ ಜಿಎಸ್‌ಟಿ 2023ರ ಅಕ್ಟೋಬರಿನಿಂದ ಜಾರಿಯಾಯಿತು. ರೇಸ್‌ಕೋರ್ಸಿನ ಭೋಗ್ಯದ ಅವಧಿ 2009ರಲ್ಲೇ ಮುಗಿದು ಜಾಗದ ವ್ಯಾಜ್ಯ ಮುಂದುವರಿದಿದೆ. ಕುಣಿಗಲ್ ಫಾರಂನ 30 ವರ್ಷದ ಗುತ್ತಿಗೆ 2022ಕ್ಕೆ ತೀರಿತು. ಈ ಜಾಗಗಳು ಉದ್ಯಾನವಾಗಲಿ, ಬಡಾವಣೆಯಾಗಲಿ, ಓಟ ಊರ ಹೊರಗೆ ಹೋಗಲಿ, ಆ ವಾದಗಳಲ್ಲಿ ಕುದುರೆಗಳ ಹೆಸರಿನಲ್ಲಿ ಮಾತಾಡುವವರು ಕಡಿಮೆ. ಮುಂಬೈನ ವಿಕ್ಟೋರಿಯಾ ಗಾಡಿಗಳನ್ನು 2015ರಲ್ಲಿ ಬಾಂಬೆ ಹೈಕೋರ್ಟ್ ನಿಲ್ಲಿಸುವಾಗ ಗಾಡಿಯವರ ಮತ್ತು ಕುದುರೆಗಳ ಪುನರ್ವಸತಿಯ ಪ್ರಶ್ನೆಯನ್ನೂ ಜೊತೆಗೇ ಎತ್ತಬೇಕಾಯಿತು. ಕುದುರೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ರೇಸ್‌ಕೋರ್ಸ್ ಸ್ಥಳಾಂತರದ ಯೋಜನೆ ಬರೆದರೆ, ಅವುಗಳಲ್ಲಿ ಎಷ್ಟೋ ದಲ್ಲಾಳಿಯ ಕೈಗೆ ಹೋಗುವುದು ನಿಶ್ಚಿತ.

ದತ್ತು ಮತ್ತು ಕೊನೆ

ಓಟ ಬಿಟ್ಟ ಕುದುರೆಯನ್ನು ಮನೆಗೆ ತರಬಯಸುವವರಿಗೆ ಮೊದಲು ಬೇಕಾದದ್ದು ನೆಲ: ಒಂದಕ್ಕೆ ಅರ್ಧದಿಂದ ಒಂದು ಎಕರೆ, ಜೊತೆಗೆ ಇನ್ನೊಂದು ಕುದುರೆಯೋ ಕತ್ತೆಯೋ. ದೊಡ್ಡಬಳ್ಳಾಪುರ, ಕನಕಪುರ ಕಡೆಯ ತೋಟಗಳಲ್ಲಿ ಇದು ಸಾಧ್ಯ, ನಗರದ ನಿವೇಶನದಲ್ಲಿ ಅಲ್ಲ. ಮುಳ್ಳುತಂತಿ ಬೇಲಿ ಕೂಡದು. ಹತ್ತಿರದಲ್ಲಿ ಕುದುರೆ ಬಲ್ಲ ಪಶುವೈದ್ಯ, ಲಾಳ ಕಟ್ಟುವವ ಇರಬೇಕು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಸಂಸ್ಥೆಗಳಿರುವ ಬೆಂಗಳೂರು ಈ ವಿಷಯದಲ್ಲಿ ಅನುಕೂಲದ ಊರು.

ಸಾಗಿಸುವ ಮುನ್ನ ರಕ್ತಪರೀಕ್ಷೆ ಆಗಬೇಕು. ಗ್ಲಾಂಡರ್ಸ್ ಎಂಬ ಬ್ಯಾಕ್ಟೀರಿಯಾ ರೋಗ ಕುದುರೆಯಿಂದ ಮನುಷ್ಯರಿಗೂ ಹರಡುತ್ತದೆ. ಅದಕ್ಕೆ ಲಸಿಕೆ ಇಲ್ಲ. 2009ರ ಸಾಂಕ್ರಾಮಿಕ ಪ್ರಾಣಿರೋಗ ತಡೆ ಕಾಯ್ದೆಯಡಿ ಅದನ್ನು ವರದಿ ಮಾಡುವುದು ಕಡ್ಡಾಯ, ರೋಗ ಖಚಿತವಾದ ಪ್ರಾಣಿಗೆ ದಯಾಮರಣವೇ ಗತಿ. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರ ಇದರ ಪರೀಕ್ಷೆಯಲ್ಲಿ ಮುಂಚೂಣಿಯ ಸಂಸ್ಥೆ. ಕಾಗದಪತ್ರವಿಲ್ಲದೆ ರಾತ್ರೋರಾತ್ರಿ ಲಾರಿ ಹತ್ತಿಸಿದ ಕುದುರೆ ತನ್ನ ಜೊತೆ ಇಂಥ ರೋಗವನ್ನೂ ಒಯ್ಯಬಹುದು.

ಒಳ್ಳೆಯ ದತ್ತು ಒಪ್ಪಂದದಲ್ಲಿ ಮೂರು ಮಾತು ಬರಹದಲ್ಲಿರುತ್ತವೆ. ಕೊಟ್ಟವರನ್ನು ಕೇಳದೆ ಮಾರುವಂತಿಲ್ಲ. ಕೊಟ್ಟವರು ಯಾವಾಗ ಬೇಕಾದರೂ ಬಂದು ನೋಡಬಹುದು. ಸಾಕಲಾಗದ ದಿನ ಬಂದರೆ ಕುದುರೆ ಕೊಟ್ಟವರಲ್ಲಿಗೇ ಮರಳಬೇಕು. ನಾಲ್ಕನೆಯದನ್ನು ಹೆಚ್ಚಿನವರು ಬರೆಯಲು ಹಿಂಜರಿಯುತ್ತಾರೆ: ಕೊನೆಯ ತೀರ್ಮಾನ ಯಾರದು ಎಂಬುದು. ಹಲ್ಲು ಸವೆದು ಹುಲ್ಲು ಅಗಿಯಲಾರದ, ಬಿದ್ದರೆ ಏಳಲಾರದ, ಮದ್ದಿಗೆ ಬಗ್ಗದ ನೋವಿನ ಕುದುರೆಗೆ ನೋವಿಲ್ಲದ ಸಾವು ಕೊಡಿಸುವುದಕ್ಕೆ 1960ರ ಕಾಯ್ದೆಯ 13ನೇ ಸೆಕ್ಷನ್ ದಾರಿ ಬಿಟ್ಟಿದೆ. ಅದನ್ನು ವೈದ್ಯರು, ಪರಿಚಿತ ಜಾಗದಲ್ಲಿ, ಮೊದಲು ಮಂಪರಿನ ಮದ್ದು ಕೊಟ್ಟು ಮಾಡಬೇಕು. ಮದ್ದು ಸೇರಿದ ಮೈ ನಾಯಿ, ಹದ್ದುಗಳಿಗೆ ವಿಷ, ಆದ್ದರಿಂದ ನೀರಿನ ಸೆಲೆಗಳಿಂದ ದೂರ, ಆಳವಾದ ಗುಂಡಿಯಲ್ಲಿ ಹೂಳಬೇಕು. ಸಾವಿನ ದಿನಾಂಕವನ್ನು ಪಾಸ್‌ಪೋರ್ಟಿನಲ್ಲಿ ಬರೆದು ವಂಶಾವಳಿ ಕಚೇರಿಗೆ ತಿಳಿಸಿದಾಗ ಆ ಕುದುರೆಯ ದಾಖಲೆ ಪೂರ್ಣವಾಗುತ್ತದೆ.